ಹಸಿ ಬಣ್ಣಕ್ಕೆ ಅಂಟಿದ ಶಾವಿಗೆ

೧

ಈ ಕಥೆಯನ್ನು ಸ್ಕೂಟರಿನಿಂದ ಶುರುಮಾಡಬೇಕೋ ಸುಭಾಸನಿಂದಲೋ ತಿಳಿಯುತ್ತಿಲ್ಲ. ಸ್ಕೂಟರಿಗೆ ವಯಸ್ಸು ಹೆಚ್ಚು, ಅದೇ ಮೊದಲಿರಲಿ.

ಅದು ಮುರಗೋಡದ ಸಂಗಪ್ಪ ಮಾವನದು. ಮೈತುಂಬ ತುಕ್ಕು, ಡಿಕ್ಕಿಯಲ್ಲಿ ಕೋಳಿಗಳ ಸಂಸಾರ. ಮಾವ ಬೈಲಹೊಂಗಲದ ಅಕ್ಕನ ಮಗ ಸುಭಾಸನಿಗೆ ಹೇಳಿದ್ದು ಇಷ್ಟೇ: ಕಣ್ಣಿಗೆ ಒಪ್ಪುವಂತೆ ಬಣ್ಣ ಹಚ್ಚಿದರೆ ಗಾಡಿ ನಿನ್ನದು, ಇಲ್ಲವಾದರೆ ಸೋಮವಾರ ಮುನವಳ್ಳಿಯ ಗುಜರಿಗೆ. ಸುಭಾಸ ಚಿಕ್ಕಂದಿನಲ್ಲಿ ಈ ಗಾಡಿಯಲ್ಲಿ ಮಾವನ ಮುಂದೆ ನಿಂತೇ ಲೋಕ ನೋಡಿದವನು. ಗುಜರಿ ಎಂಬ ಮಾತಿಗೇ ಅವನು ಊಟ ಬಿಟ್ಟ.

೨

ಸುಭಾಸ ಸ್ಕೂಟರನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಉಜ್ಜತೊಡಗಿದ.

"ಇದನ್ನ ಮ್ಯಾಲ ಯಾರ ಹೊತ್ಕೊಂಡ ಬಂದ್ರರಿ?" ಎಂದು ಸುಭಾಸನೇ ನನ್ನನ್ನು ಕೇಳಿದ. "ನೀವೇನರ ಕೈ ಹಚ್ಚಿದ್ರೇನು?"

ಇಲ್ಲ. ಕ್ಷಮಿಸಿ. ಆ ಮಾಳಿಗೆಯ ಸಾಲನ್ನು ಹೊಡೆದುಹಾಕಿದ್ದೇನೆ.

೨ (ಮತ್ತೊಮ್ಮೆ)

ಸುಭಾಸನ ಮನೆಯ ಅಂಗಳ. ಪಾಲಿಶ್ ಪೇಪರಿನಿಂದ ಉಜ್ಜಿದ. ಪ್ರೈಮರ್ ಹೊಡೆದ. ಅದು ಒಣಗಿದ ಮೇಲೆ ಗಿಳಿಹಸಿರು ಬಣ್ಣದ ಸ್ಪ್ರೇ. (ಇದೇ ಕ್ರಮ ತಾನೇ? ನಾನು ಬಣ್ಣ ಹಚ್ಚಿದ್ದು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಮಾತ್ರ. ಎತ್ತಿಗೂ ಹಿಡಿಸಿರಲಿಲ್ಲ.)

ಪಕ್ಕದಲ್ಲೇ ಅವನ ಅವ್ವ ರಾಚವ್ವ, ಕೂದಲೆಳೆಯಂಥ ಶಾವಿಗೆಯನ್ನು ಕೋಲುಗಳ ಮೇಲೆ ಒಣಹಾಕಿದ್ದಳು. ಆಗ ಹಿತವಾದ ಗಾಳಿಯೊಂದು ಬೀಸಿತು.

೩

ಹೌದು, ಆ ಗಾಳಿ ನನ್ನದೇ. ಕಥೆಯಲ್ಲಿ ಸ್ವಲ್ಪ ಪ್ರಕೃತಿವರ್ಣನೆ ಇರಲಿ ಎಂದು ಸಂಜೆ ಕಾಲೇಜಿನ ಮಾಸ್ತರು ಹೇಳಿದ್ದರು. ನಾನು ಬರೆದ ಒಂದೇ ಸಾಲಿನ ಪ್ರಕೃತಿ ಅರ್ಧ ಶಾವಿಗೆಯನ್ನು ಎತ್ತಿ ಹಸಿ ಬಣ್ಣದ ಮೇಲೆ ಹಾಕಿತು. ಸ್ಕೂಟರಿಗೆ ಗಡ್ಡ ಬಂತು.

ಸುಭಾಸ ಕೀಳಲು ಹೋದ. ಎಳೆಯ ಜೊತೆ ಬಣ್ಣವೂ ಎದ್ದು ಬಂತು. ಗಾಳಿಯನ್ನು ಅಳಿಸಿಬಿಡಿ ಎಂದು ನನಗೆ ಗಂಟುಬಿದ್ದ. ಅಳಿಸಲು ಹೊರಟೆ, ರಾಚವ್ವ ಬಿಡಲಿಲ್ಲ.

"ಗಾಳಿ ತಗದ್ರ ಉಳದ ಶಾವಿಗಿ ಹೆಂಗ ಒಣಗತಾವ್ರಿ? ಕೆಡಿಸಿದ್ದಂತೂ ಕೆಡಿಸೀರಿ. ಇನ್ನ ಬಂದು ಹಿಟ್ಟರ ನಾದ್ರಿ."

ನಾದಲು ನನಗೆ ಬರುವುದಿಲ್ಲ. ಗಾಳಿ ಹಾಗೇ ಉಳಿಯಿತು.

೪

ಮುಕ್ತಾಯ ಅ: ಮಾವ ಬಂದು ನೋಡಿ ನಗುತ್ತಾನೆ, ಗಾಡಿ ಕೊಡುತ್ತಾನೆ. (ಸಂಗಪ್ಪ ನಕ್ಕಿದ್ದನ್ನು ಮುರಗೋಡದಲ್ಲಿ ಯಾರೂ ಕಂಡಿಲ್ಲ. ನೀವು ನಂಬುವುದಿಲ್ಲ.)

ಮುಕ್ತಾಯ ಆ: ಇದು ಈಗಿನ ಡಿಸೈನ್ ಎಂದು ಸುಭಾಸ ವಾದಿಸುತ್ತಾನೆ. (ಡಿಸೈನ್ ತನ್ನ ಹಿಟ್ಟಿನದು, ಹಾಗಾದರೆ ಗಾಡಿಯಲ್ಲಿ ತನಗೂ ಪಾಲು ಬೇಕು ಎಂದು ರಾಚವ್ವ ಈಗಲೇ ತಕರಾರು ತೆಗೆದಿದ್ದಾಳೆ.)

ಮುಕ್ತಾಯ ಇ: ಗುಜರಿ. (ಬರೆಯಲು ಕೈ ಏಳುತ್ತಿಲ್ಲ.)

೫

ಅಷ್ಟರಲ್ಲಿ ನಾನು ಕರೆಯದೆಯೇ ಸಂಗಪ್ಪ ಬಂದುಬಿಟ್ಟ. ಸ್ಕೂಟರನ್ನು ಒಂದು ಸುತ್ತು ಹಾಕಿದ. ಮಡ್‌ಗಾರ್ಡಿನಿಂದ ಹಸಿರು ಎಳೆಯೊಂದನ್ನು ಕಿತ್ತು ಬಿಸಿಲಿಗೆ ಹಿಡಿದ. ಅಕ್ಕನನ್ನು ನೋಡಿದ. ಅಳಿಯನನ್ನು ನೋಡಿದ. ಬಾಯಿ ತೆರೆದ.

"ಮುಂದ ಬರೀಬ್ಯಾಡ್ರಿ," ಎಂದ ಸುಭಾಸ, ಮೆಲ್ಲಗೆ. "ಅವ್ರು ಏನರ ಅನ್ನೂ ತನಕ ಗಾಡಿ ನಂದ ಐತಿ."

ಓದುಗರೇ, ಇಷ್ಟು ದೂರ ಬಂದ ನಿಮಗೆ ಇದು ಅನ್ಯಾಯ, ಗೊತ್ತು. ಆದರೆ ಸಂಗಪ್ಪನ ಬಾಯಿ ತೆರೆದೇ ಇದೆ. ಅದರೊಳಗೆ ನಾನು ಒಂದು ಮಾತೂ ಇಡುವುದಿಲ್ಲ. ಸುಭಾಸ ಸದ್ದಾಗದಂತೆ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುತ್ತಿದ್ದಾನೆ.