ಬಿಟ್ಟವನ ಸರ್ಟಿಫಿಕೇಟು

ಆಸ್ಪತ್ರೆಯಿಂದ ಬಂದ ಕಾಗದವನ್ನು ಡೋರೀನ್ ಎರಡು ಸಲ ಓದಿದಳು. ಓದಿ ಮುಗಿಸಿ ಗಂಡನನ್ನು ಕರೆಯಲಿಲ್ಲ, ಕೂಗಾಡಲೂ ಇಲ್ಲ. ನೆಟ್ಟಗೆ ಬಾಗಿಲ ಹಿಂದೆ ನೇತುಹಾಕಿದ್ದ ಅವನ ಕೋಟಿನ ಹತ್ತಿರ ಹೋಗಿ, ಅದರ ತೋಳನ್ನು ಮೂಗಿಗೆ ಹಿಡಿದು ದೀರ್ಘವಾಗಿ ಉಸಿರು ಎಳೆದುಕೊಂಡಳು.

ಮಣ್ಣಿನ ವಾಸನೆ, ಗೊಬ್ಬರದ ವಾಸನೆ, ಅದರ ಮೇಲೊಂದು ಸ್ಟ್ರಾಬೆರಿ ಮಿಠಾಯಿಯ ವಾಸನೆ. ಸಿಗರೇಟಿನದು ಇರಲಿಲ್ಲ. ಹಾಗಾದರೆ ಕಳ್ಳ ಮೊದಲಿಗಿಂತ ಜಾಣನಾಗಿದ್ದಾನೆ ಎಂದುಕೊಂಡಳು.

ಕಾಗದದಲ್ಲಿ ಇದ್ದದ್ದು ಇಷ್ಟೆ. ಗಂಡ ರೋಲಿಯ ಮೂತ್ರದಲ್ಲಿ ನಿಕೋಟಿನ್ನಿನ ಗುರುತು ಸಿಕ್ಕಿದೆ. ನಿಕೋಟಿನ್ ಇದ್ದರೆ ಮೂಳೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ, ಆದ್ದರಿಂದ ಪಾದದ ಕೀಲಿನ ಆಪರೇಷನ್ ಸದ್ಯಕ್ಕಿಲ್ಲ. ಆರು ವಾರದ ಮೇಲೆ ಮತ್ತೆ ಪರೀಕ್ಷೆ. ಆಗಲೂ ಸಿಕ್ಕರೆ ಪಟ್ಟಿಯಿಂದ ಹೆಸರು ಕಿತ್ತುಹಾಕುತ್ತಾರೆ.

ಆ ಪಟ್ಟಿಯಲ್ಲಿ ಹೆಸರು ಮೇಲಕ್ಕೆ ಬರಲು ಒಂದೂವರೆ ವರ್ಷ ಹಿಡಿದಿತ್ತು. ಅವರೂರು ಆಶಿಂಗ್ಟನ್ನಿನ ಕಲ್ಲಿದ್ದಲ ಗಣಿ ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಇಪ್ಪತ್ತಾರರ ಹುಡುಗ ರೋಲಿಯ ಬಲಗಾಲಿನ ಮೇಲೆ ತುಂಬಿದ ಬಂಡಿ ಹತ್ತಿತ್ತು. ಆಗ ಹೇಗೋ ಕೂಡಿಸಿ ಹೊಲಿದು ಕಳಿಸಿದ್ದರು. ನಲವತ್ತು ವರ್ಷ ತಳ್ಳಿದ ಆ ಕೀಲು ಈಗ ಪೂರಾ ಸವೆದುಹೋಗಿ, ಮಂಚದಿಂದ ಬಚ್ಚಲಿಗೆ ಹೋಗಲೂ ಅವನು ಗೋಡೆ ಹಿಡಿಯಬೇಕಿತ್ತು. ಎರಡು ಮೂಳೆಗಳನ್ನು ಒಂದಾಗಿ ಬೆಸೆದರೆ ನೋವು ಹೋಗುತ್ತದೆ, ಇಲ್ಲವಾದರೆ ಬರುವ ವರ್ಷ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿದ್ದರು.

ಡೋರೀನಳ ಅನುಮಾನಕ್ಕೆ ಕಾರಣವಿಲ್ಲದೆ ಇರಲಿಲ್ಲ. ಮದುವೆಯಾದ ಮೇಲೆ ರೋಲಿ ಮೂರು ಸಲ ಸಿಗರೇಟು ಬಿಟ್ಟಿದ್ದ. ಮೂರು ಸಲವೂ ಅವಳ ಕೈಗೆ ಪ್ಯಾಕೆಟ್ಟು ಸಿಕ್ಕಿತ್ತು: ಒಮ್ಮೆ ರಬ್ಬರ್ ಬೂಟಿನೊಳಗೆ, ಒಮ್ಮೆ ಬೀಜದ ಡಬ್ಬಿಯಲ್ಲಿ, ಇನ್ನೊಮ್ಮೆ ಅವನಪ್ಪನ ಮಣ್ಣಿಗೆ ಹಾಕಿಕೊಂಡು ಹೋಗಿದ್ದ ಕಪ್ಪು ಕೋಟಿನ ಜೇಬಿನಲ್ಲಿ. ನಾಲ್ಕನೆಯ ಸಲ, ಎರಡು ವರ್ಷದ ಕೆಳಗೆ, ಅವಳೇ ಅವನನ್ನು ಚರ್ಚಿನ ಪಕ್ಕದ ಹಾಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಲಿನ್ ಎಂಬ ಹೆಂಗಸು ಸಿಗರೇಟು ಬಿಡಿಸುವ ತರಗತಿ ನಡೆಸುತ್ತಿದ್ದಳು. ಬಂದವರಿಗೆಲ್ಲ ಪುಕ್ಕಟೆಯಾಗಿ ಒಂದು ಇ-ಸಿಗರೇಟು ಕೊಟ್ಟು, ಇನ್ನು ಇದನ್ನೇ ಎಳೆಯಿರಿ ಎನ್ನುತ್ತಿದ್ದಳು. ವಾರಕ್ಕೊಮ್ಮೆ, ಸಿಗರೇಟು ಸೇದಿದ್ದನ್ನು ಹಿಡಿಯುವ ಒಂದು ಪುಟ್ಟ ಯಂತ್ರಕ್ಕೆ ಊದಿಸುತ್ತಿದ್ದಳು. ಮೊದಲ ದಿನ ರೋಲಿ ಊದಿದಾಗ ಇಪ್ಪತ್ತಾರು ಬಂತು, ನಾಲ್ಕನೇ ವಾರಕ್ಕೆ ಮೂರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು, ಸರ್ಟಿಫಿಕೇಟು ಸಿಕ್ಕಿತು. ಡೋರೀನ್ ಅದಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿ, ಚಹಾಕ್ಕೆ ಬಂದವರಿಗೆಲ್ಲ ತೋರಿಸಿದಳು. ಅಂದಿನಿಂದ ಪ್ರತಿ ಶುಕ್ರವಾರ ಪೇಟೆಯಿಂದ ಇ-ಸಿಗರೇಟಿಗೆ ತುಂಬುವ ಸ್ಟ್ರಾಬೆರಿ ವಾಸನೆಯ ರಸದ ಎರಡು ಶೀಸೆಗಳನ್ನು ತಂದುಕೊಡುತ್ತಿದ್ದವಳೂ ಅವಳೇ. ಎಲ್ಲಕ್ಕಿಂತ ಖಡಕ್ಕಾದದ್ದೇ ಬೇಕು ಎಂದು ಕೇಳಿ ತರುತ್ತಿದ್ದಳು, ಕಡಿಮೆಯಾದರೆ ಗಂಡ ಮತ್ತೆ ಸಿಗರೇಟಿಗೆ ಓಡಿಯಾನು ಎಂಬ ಭಯದಿಂದ.

ರೋಲಿ ತೋಟದಿಂದ ಕುಂಟುತ್ತ ಬಂದು ಕುರ್ಚಿಯಲ್ಲಿ ಕೂತ ಮೇಲೆ ಕಾಗದವನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಎಲ್ಲಿ ಬಚ್ಚಿಟ್ಟಿದೀಯ ಹೇಳು."

"ಏನನ್ನೇ?"

"ನನ್ನೇನು ಪೆದ್ದಿ ಅಂದ್ಕೊಂಡ್ಯಾ, ತಲೆ ಮೇಲೆ ಲೀಕ್ ಗಿಡ ಬೆಳ್ದಿದೆಯಾ? ಸಿಗರೇಟು!"

ರೋಲಿ ಕಾಗದ ಓದಿದ. ಅವನ ಕಿವಿ ಕೆಂಪಾದವು. "ಎರಡು ವರ್ಷದಿಂದ ಒಂದು ದಮ್ಮೂ ಎಳ್ದಿಲ್ಲ ಕಣೇ. ಯಾರದೋ ಮೂತ್ರದ ಶೀಸೆ ಯಾರದೋ ಹೆಸರಿಗೆ ಬದಲಾಗಿರಬೇಕು."

"ಹೂಂ, ಶೀಸೆಗೇ ಕಾಲು ಬಂದಿದ್ವು."

"ಡೋರೀನ್, ಈ ಊರಲ್ಲಿ ಲೀಕ್‌ಗೆ ಮುದ್ರೆ ಒತ್ತೋನು ಯಾರು? ನಾನು! ನನ್ನೇ ಕಳ್ಳ ಅಂತೀಯಾ?"

ಲೀಕ್ ಎಂದರೆ ತೋಳಿನ ಗಾತ್ರಕ್ಕೆ ಬೆಳೆಯುವ ಒಂದು ಜಾತಿ ಈರುಳ್ಳಿ, ಈ ಕಡೆಯ ಗಂಡಸರ ಮಾನಮರ್ಯಾದೆಯೆಲ್ಲ ಅದರ ಗಾತ್ರದಲ್ಲೇ ಇರುವುದು. ಸೆಪ್ಟೆಂಬರಿನ ಪ್ರದರ್ಶನಕ್ಕೆ ಯಾರೂ ಹೊರಗಿನಿಂದ ದಪ್ಪದ್ದನ್ನು ಕೊಂಡು ತಂದು ಇಡಬಾರದು ಎಂದು, ವಾರಗಟ್ಟಲೆ ಮುಂಚೆಯೇ ಕ್ಲಬ್ಬಿನವರು ಮಡಿಮಡಿಗೆ ಹೋಗಿ ಗಿಡಗಳಿಗೆ ಮುದ್ರೆ ಒತ್ತಿ ಬರುತ್ತಾರೆ. ಹದಿನೇಳು ವರ್ಷದಿಂದ ಮುದ್ರೆ ರೋಲಿಯ ಜೇಬಿನಲ್ಲಿತ್ತು. ಮುದ್ರೆಯಿಲ್ಲದ ಒಂದು ಲೀಕ್ ಇಟ್ಟನೆಂದು ಡೋರೀನಳ ಸ್ವಂತ ಅಣ್ಣನನ್ನೇ ಅವನು ಮೇಜಿನಿಂದ ಎಬ್ಬಿಸಿ ಕಳಿಸಿದ್ದ. ಅಣ್ಣ ಮೂರು ಕ್ರಿಸ್‌ಮಸ್ ಅವರ ಮನೆಗೆ ಕಾಲಿಡಲಿಲ್ಲ.

ಆದರೂ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕು ಎನ್ನುವ ಜಾತಿಯವಳು ಡೋರೀನ್. ಮಾರನೆಯ ಬೆಳಿಗ್ಗೆ ಅವನು ತೋಟಕ್ಕೆ ಹೊರಟ ಅರ್ಧ ಗಂಟೆಗೆ ಹಿಂದಿನಿಂದ ಹೊರಟಳು. ಅವನ ಹಲಗೆ ಗುಡಿಸಲಿನ ಸಂದಿಗಳಿಂದ ಬೆಳ್ಳಗೆ ಹೊಗೆ ಬರುತ್ತಿತ್ತು. ಸಿಕ್ಕಿಬಿದ್ದೆ ಮಗನೆ ಎಂದು ಒಂದೇ ಏಟಿಗೆ ಬಾಗಿಲು ತಳ್ಳಿದಳು.

ಬೋರಲು ಹಾಕಿದ ಬಕೆಟ್ಟಿನ ಮೇಲೆ ರೋಲಿ ಕೂತಿದ್ದ. ಅವನ ಮುಖವೇ ಕಾಣದಷ್ಟು ಆವಿ. ಕೈಯಲ್ಲಿದ್ದದ್ದು ಅವಳೇ ಹುಟ್ಟುಹಬ್ಬಕ್ಕೆ ಕೊಡಿಸಿದ ಇ-ಸಿಗರೇಟು.

ಅವಳು ಬಿಡಲಿಲ್ಲ. ಕುಂಡ ಎತ್ತಿ ನೋಡಿದಳು, ಬೂಟು ಕೊಡವಿದಳು, ಗೊಬ್ಬರದ ಚೀಲಕ್ಕೆ ಮೊಣಕೈವರೆಗೂ ಕೈ ಹಾಕಿದಳು. ಸಿಗರೇಟಿನ ತುಂಡು ಹಾಗಿರಲಿ, ಬೂದಿಯೂ ಸಿಗಲಿಲ್ಲ.

"ಮುಗೀತಾ ಪೊಲೀಸಮ್ಮ? ಕೈ ತೊಳ್ಕೊ, ಕುದುರೆ ಲದ್ದಿ ಅದು."

ಕೈ ತೊಳೆಯಲು ತಿರುಗಿದಾಗ ಕಿಟಕಿಯಲ್ಲಿ ಸಾಲಾಗಿ ನಿಂತಿದ್ದ ಖಾಲಿ ಶೀಸೆಗಳು ಕಂಡವು. ಹನ್ನೊಂದಿದ್ದವು. ಹಳೆಯವನ್ನು ಅವನು ಪ್ರತಿ ಸೋಮವಾರ ಕಸಕ್ಕೆ ಹಾಕುತ್ತಾನೆ, ಇಂದು ಗುರುವಾರ.

"ನಾನು ತಂದುಕೊಡೋದು ಎರಡು. ಇದೇನಿದು?"

"ಆವಿ ತಾನೇ, ಬಿಡೇ. ನೀರಿನ ಥರ." ರೋಲಿ ಅವಳ ಕಡೆ ನೋಡದೆ ರೇಡಿಯೋ ಗುಂಡಿ ತಿರುಗಿಸಿದ.

ಅವಳಿಗೆ ಎಲ್ಲೋ ಏನೋ ಚುಚ್ಚಿತು, ಎಲ್ಲಿ ಎಂದು ತಿಳಿಯಲಿಲ್ಲ. ಅದೇ ಮಧ್ಯಾಹ್ನ ಗಂಡನನ್ನೂ ಕಾಗದವನ್ನೂ ಎಳೆದುಕೊಂಡು ಲಿನ್ ಹತ್ತಿರ ಹೋದಳು.

ಲಿನ್ ಊದಿಸಿದಳು. ಎರಡು ಬಂತು.

"ನೋಡ್ದ್ಯಾ!" ರೋಲಿ ಕುರ್ಚಿಯ ಕೈ ಕುಟ್ಟಿದ. "ಎರಡು! ಮಗು ಊದಿದ್ರೂ ಇಷ್ಟೇ ಬರೋದು."

"ಹಾಗಾದ್ರೆ ಆಸ್ಪತ್ರೆಯವರೇ ಸುಳ್ಳಾ?" ಎಂದಳು ಡೋರೀನ್.

ಲಿನ್ ಕಾಗದ ಓದಿ ಕನ್ನಡಕ ತೆಗೆದಳು. "ಯಾರೂ ಸುಳ್ಳಲ್ಲ ಡೋರೀನ್. ನನ್ನ ಯಂತ್ರಕ್ಕೆ ಗೊತ್ತಾಗೋದು ಹೊಗೆ ಒಂದೇ. ರೋಲಿ ಎದೆಯಲ್ಲಿ ಹೊಗೆ ಇಲ್ಲ, ಅದು ನಿಜವಾಗ್ಲೂ ಒಳ್ಳೇದಾಯ್ತು. ಆದ್ರೆ ಅವರು ಹುಡುಕ್ತಿರೋದು ನಿಕೋಟಿನ್ನು. ಅದು ಆ ಶೀಸೇಲೇ ಇದೆ."

"ನಾನು ತಂದುಕೊಡೋ ಶೀಸೇಲಾ?"

"ಇನ್ನೆಲ್ಲಿ? ಸಿಗರೇಟಿಂದ ಇದಕ್ಕೆ ಬರೋದು ಒಂದು ಮೆಟ್ಟಿಲು ಅಷ್ಟೆ. ಆಮೇಲೆ ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬಂದು ಇದನ್ನೂ ಬಿಡಬೇಕು, ಬನ್ನಿ ಅಂತ ಎಲ್ಲರಿಗೂ ಹೇಳ್ತೀನಿ. ಸರ್ಟಿಫಿಕೇಟು ಕೈಗೆ ಬಂದೋರು ಒಬ್ಬರೂ ತಿರುಗಿ ಬರಲ್ಲ."

ಡೋರೀನಳಿಗೆ ಮೈಯೆಲ್ಲ ಉರಿಯಿತು. ಚಪ್ಪಾಳೆ ತಟ್ಟುವಾಗ ಇದನ್ನು ಯಾಕೆ ಕೂಗಿ ಹೇಳಲಿಲ್ಲ ಎಂದು ಕೇಳಬೇಕೆಂದಿತ್ತು. ಕೇಳಲಿಲ್ಲ, ಯಾಕೆಂದರೆ ಅಂದು ಎಲ್ಲರಿಗಿಂತ ಜೋರಾಗಿ ತಟ್ಟಿದವಳು ತಾನೇ. ಅಷ್ಟರಲ್ಲಿ ರೋಲಿ ಜೇಬಿನಿಂದ ಇ-ಸಿಗರೇಟನ್ನು ತೆಗೆದು ಅವಳ ಮಡಿಲಿಗೆ ಹಾಕಿದ.

"ಇಷ್ಟೇ ತಾನೇ? ತಗೋ. ಇವತ್ತಿಂದ ಬಿಟ್ಟೆ."

"ಒಮ್ಮೆಲೇ ಕಷ್ಟ ಆಗತ್ತೆ ರೋಲಿ," ಎಂದಳು ಲಿನ್. "ವಾರ ವಾರ ಬನ್ನಿ, ಮಾತ್ರೆ ಇದೆ, ನಾನಿದೀನಿ."

"ಸಿಗರೇಟೇ ಬಿಟ್ಟೋನು ನಾನು. ಇದು ಬರೀ ಆವಿ."

ಅಷ್ಟು ಸಲೀಸಾಗಿ ಕೊಟ್ಟನಲ್ಲ ಎಂಬುದೇ ಡೋರೀನಳ ಹೊಸ ಅನುಮಾನವಾಯಿತು. ಆದರೆ ಮೊದಲ ಮೂರು ದಿನ ಆ ಅನುಮಾನಕ್ಕೆ ಜಾಗವೇ ಇರಲಿಲ್ಲ. ರೋಲಿ ನಿದ್ದೆ ಮಾಡಲಿಲ್ಲ. ಆಲೂಗಡ್ಡೆ ಬೆಂದಿಲ್ಲವೆಂದು ಚಮಚ ಎಸೆದ, ನೆರೆಮನೆಯ ನಾಯಿಗೆ ಬೈದ, ಟೀವಿ ನೋಡುತ್ತ ಸುಮ್ಮಸುಮ್ಮನೆ ಅತ್ತ. ಡೋರೀನ್ ಅದೆಲ್ಲವನ್ನೂ ಸಂತೋಷದಿಂದ ಸಹಿಸಿಕೊಂಡಳು. ನಾಲ್ಕನೆಯ ದಿನ ಅವನು ತೋಟದಿಂದ ಸಿಳ್ಳೆ ಹಾಕುತ್ತ ಬಂದ. ಬೆಂದಿದ್ದೋ ಬೇಯದ್ದೋ ಎಲ್ಲವನ್ನೂ ತಿಂದ. ಅವಳ ಕೈ ಹಿಡಿದು "ಪಾಪ, ನಿಂಗೆ ತುಂಬಾ ತೊಂದ್ರೆ ಕೊಟ್ಟೆ" ಎಂದ.

ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ರೋಲಿ ತಾನಾಗಿ ಕ್ಷಮೆ ಕೇಳಿದ್ದು ಆ ಮೂರು ಪ್ಯಾಕೆಟ್ಟುಗಳು ಸಿಗುವ ಮುಂಚಿನ ವಾರಗಳಲ್ಲಿ ಮಾತ್ರ. ಅದು ಅವಳಿಗೆ ನೆನಪಾಯಿತು. ಕೋಟಿನ ತೋಳು ಮೂಸಲು ಎದ್ದವಳು ಅರ್ಧದಲ್ಲೇ ನಿಂತಳು. ಸ್ಟ್ರಾಬೆರಿ ವಾಸನೆ ಬಂದರೆ ಏನು ಮಾಡುವುದು? ಆಪರೇಷನ್ ಹೋಗುತ್ತದೆ, ಕಾಲು ಹೋಗುತ್ತದೆ. ಮೂಸದಿದ್ದರೆ ಕಡೇಪಕ್ಷ ಐದು ವಾರ ನೆಮ್ಮದಿ. ಜೀವಮಾನವೆಲ್ಲ ಮೂಸಿದ ಹೆಂಗಸು ಆ ಐದು ವಾರ ಕೋಟಿನ ಹತ್ತಿರ ಸುಳಿಯಲಿಲ್ಲ. ಅವಳು ಹೇಡಿಯಾಗಿದ್ದಳು, ಅದು ಅವಳಿಗೂ ಗೊತ್ತಿತ್ತು.

ಪರೀಕ್ಷೆಯ ದಿನ ಆಸ್ಪತ್ರೆಯ ನರ್ಸು ರೋಲಿಯ ಕೈಗೊಂದು ಪ್ಲಾಸ್ಟಿಕ್ ಲೋಟ ಕೊಟ್ಟು ಪಾಯಖಾನೆಯ ಕಡೆ ತೋರಿಸಿದಳು. ಅವನು ಗೋಡೆ ಹಿಡಿದುಕೊಂಡು ಹೋದ. ಬಹಳ ಹೊತ್ತಿನ ಮೇಲೆ ಖಾಲಿ ಲೋಟದೊಂದಿಗೆ ಬಂದು ಅವಳ ಪಕ್ಕ ಕೂತ.

"ಬರ್ತಿಲ್ವಾ? ನೀರು ಕುಡಿ."

ರೋಲಿ ಆ ಕಡೆ ಈ ಕಡೆ ನೋಡಿದ. ಲೋಟವನ್ನು ಅವಳ ಕೈಚೀಲದ ಮೇಲೆ ಇಟ್ಟ.

"ನೀನು ಜೀವಮಾನದಲ್ಲಿ ಸೇದ್ದೋಳಲ್ಲ," ಎಂದ ಮೆಲ್ಲಗೆ. "ನೀನು ಹೋಗಿ ಬಾ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ನೋಡಿದಳು. ಅಣ್ಣನನ್ನು ಊರ ಮುಂದೆ ಎಬ್ಬಿಸಿ ಕಳಿಸಿದ ಮನುಷ್ಯ, ಮುದುಕನಂತೆ ಕುಗ್ಗಿ ಕೂತಿದ್ದ.

ಅವಳು ಲೋಟ ತೆಗೆದುಕೊಂಡು ಎದ್ದಳು. ಪಾಯಖಾನೆಯೊಳಗೆ ಹೋಗಿ ಬಾಗಿಲು ಹಾಕಿ, ಲೋಟ ಹಿಡಿದು ಕೂತಳು. ಎಷ್ಟು ಸುಲಭ! ಒಂದು ನಿಮಿಷದ ಕೆಲಸ. ಕಾಲು ಕುಯ್ಯುತ್ತಾರೆ, ಮೂಳೆಗೆ ಮೊಳೆ ಹೊಡೆಯುತ್ತಾರೆ, ಹೊಲಿದು ಮನೆಗೆ ಕಳಿಸುತ್ತಾರೆ. ಆಮೇಲೆ ಅವನು ಗುಡಿಸಲಲ್ಲಿ ಕೂತು ಎಳೆಯುತ್ತಾನೆ, ಮೂಳೆ ಕೂಡುವುದಿಲ್ಲ, ಮತ್ತೆ ಕುಯ್ಯುತ್ತಾರೆ. ಅದಕ್ಕೆ ಮುದ್ರೆ ಒತ್ತಿದವಳು ತಾನಾಗುತ್ತಾಳೆ. ಹೊರಗೆ ಅವನ ಕಾಲೆಳೆದು ನಡೆಯುವ ಸದ್ದು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು. ಆ ಕಾಲು ಸರಿಯಾಗಲಿ ಎಂದು ಅವಳಷ್ಟು ಹಂಬಲಿಸಿದವರು ಇನ್ನಾರೂ ಇರಲಿಲ್ಲ.

ಖಾಲಿ ಲೋಟವನ್ನೇ ತಂದು ನರ್ಸಿನ ಮೇಜಿನ ಮೇಲಿಟ್ಟಳು.

"ಇವತ್ತು ಪರೀಕ್ಷೆ ಬೇಡ. ನನ್ನ ಗಂಡ ಇನ್ನೂ ಬಿಟ್ಟಿಲ್ಲ."

ಎರಡು ವರ್ಷದಿಂದ ಊರಿಗೆಲ್ಲ "ಬಿಟ್ಟ, ಬಿಟ್ಟ" ಎಂದು ಸಾರಿದವಳ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.

"ಹೆಸರು ತೆಗೀಬೇಕಾಗತ್ತಮ್ಮ," ಎಂದಳು ನರ್ಸು. "ಮತ್ತೆ ಸೇರಿಸ್ಕೊಳ್ಳೋಕೆ ನಿಮ್ಮ ಡಾಕ್ಟರ್ ಹತ್ರ ಮೊದಲಿಂದ ಬರೆಸ್ಬೇಕು. ಒಂದು ವರ್ಷ, ಹೆಚ್ಚೂ ಆಗ್ಬಹುದು."

"ತೆಗೀರಿ. ಮೊದಲಿಂದಲೇ ಬರೆಸ್ತೀವಿ."

ರೋಲಿ ಹಿಂದೆಯೇ ನಿಂತಿದ್ದ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕೂಗಾಡಲಿಲ್ಲ. ಬಸ್ ನಿಲ್ದಾಣದ ಬೆಂಚಿನವರೆಗೆ ಅವಳ ಭುಜ ಹಿಡಿದು ಬಂದ. ಕೂತ ಮೇಲೆ ಹೇಳಿದ:

"ಮೂರೇ ದಿನ ಕಣೇ. ನನ್ನ ಕೈಲಾಗಿದ್ದು ಮೂರೇ ದಿನ. ಇದು ಏನೂ ಅಲ್ಲ ಅಂದ್ಕೊಂಡಿದ್ದೆ."

"ನಾನೂ ಅಂದ್ಕೊಂಡಿದ್ದೆ. ಎಲ್ಲಿದೆ?"

ರೋಲಿ ಬಗ್ಗಿ, ನೋಯುವ ಕಾಲಿಗೆ ಆಸ್ಪತ್ರೆಯವರೇ ಮಾಡಿಸಿಕೊಟ್ಟಿದ್ದ ದಪ್ಪ ಬೂಟಿನ ಪಟ್ಟಿ ಬಿಚ್ಚಿದ. ಒಳಗೆ, ಊದಿಕೊಂಡ ಕೀಲಿಗೆ ಒತ್ತಿಕೊಂಡು, ಬೆರಳುದ್ದದ ಹೊಸ ಇ-ಸಿಗರೇಟು ಕೂತಿತ್ತು. ಅಲ್ಲಿ ಚರ್ಮ ಕೆಂಪಗೆ ತರಚಿಹೋಗಿತ್ತು. ನೋವಾಗುತ್ತದೆಂದು ಆ ಕಾಲನ್ನು ಅವಳು ಮುಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅವನು ಅದನ್ನು ಅವಳ ಕಡೆ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. "ಡೋರೀನ್, ಒಂದೇ ಒಂದು ಸಲ ಎಳ್ಕೊಳ್ಳಲಾ?"

ಅವಳಿಗೆ ಕಣ್ಣು ತುಂಬಿ ಬಂತು. ಸಿಟ್ಟೂ ಬಂತು.

"ಎಳ್ಕೊ," ಎಂದಳು. "ನನ್ನ ಕಣ್ಮುಂದೆ ಎಳ್ಕೊ. ನಾಳೆ ಬೆಳಿಗ್ಗೆ ಲಿನ್ ಹತ್ರ ಹೋಗ್ತಿದೀವಿ, ನಾನು ಹೊರಗೆ ಕಾಯ್ತಾ ಕೂರಲ್ಲ, ಒಳಗೇ ಬರ್ತೀನಿ."

ರೋಲಿ ಎರಡೂ ಕೈಯಲ್ಲಿ ಹಿಡಿದು ಎಳೆದುಕೊಂಡ. ಅವಳು ಕತ್ತು ತಿರುಗಿಸದೆ, ಪೂರ್ತಿ, ಅವನ ಭುಜ ಇಳಿಯುವವರೆಗೂ ನೋಡಿದಳು.