ಬಾರದೇ ಹೋದ ದಾಳಿ

ನನ್ನ ದೊಡ್ಡಪ್ಪ ಯಾವ ಕುರ್ಚಿಯಲ್ಲೂ ಪೂರ್ತಿಯಾಗಿ ಕೂತದ್ದನ್ನು ನಾನು ಕಂಡಿಲ್ಲ. ಅಂಚಿಗೆ ತಾಗಿಯೂ ತಾಗದಂತೆ, ಈಗಲೋ ಆಗಲೋ ಯಾರೋ ಕರೆಯಲಿದ್ದಾರೆ ಎಂಬಂತೆ, ಬಲಗಾಲನ್ನು ತುಸು ಮುಂದಕ್ಕಿಟ್ಟು, ದೃಷ್ಟಿಯನ್ನು ಬಾಗಿಲಿನ ಮೇಲೆ ನೆಟ್ಟು ಕೂರುತ್ತಿದ್ದರು. ರಸ್ತೆಯಲ್ಲಿ ನಡೆಯುವಾಗ ಕಾರಣವೇ ಇಲ್ಲದೆ ಆಚೆ ಬದಿಗೆ ದಾಟಿ, ಹತ್ತು ಹೆಜ್ಜೆ ಹಾಕಿ, ಮತ್ತೆ ಈಚೆಗೆ ಬರುತ್ತಿದ್ದರು. ಅವರ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಒಂದು ಮೋಟು ಪೆನ್ಸಿಲು ಸದಾ ಇರುತ್ತಿತ್ತು; ಕಾಗದದ ಚೂರು ಮಾತ್ರ ಎಂದೂ ಇರುತ್ತಿರಲಿಲ್ಲ. "ಇವರ ಪಕ್ಕ ನಡೆಯೋದಂದ್ರೆ ಗಾಳಿಪಟ ಹಿಡ್ಕೊಂಡು ಹೋದ ಹಾಗೆ" ಎಂದು ದೊಡ್ಡಮ್ಮ ನಗುತ್ತಿದ್ದರು.

ಸೇನೆಯ ಗುಪ್ತಚರ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ಹೆಚ್ಚುಕಡಿಮೆ ಅದರ ತುದಿಯವರೆಗೆ ಏರಿದ್ದ ಈ ಮನುಷ್ಯ ನೆರೆಹೊರೆಯವರ ಪಾಲಿಗೆ ಸರಬರಾಜು ವಿಭಾಗದ ಒಬ್ಬ ಸಾಧಾರಣ ಅಧಿಕಾರಿ. ಆ ಸುಳ್ಳನ್ನು ಅವರು ಎಷ್ಟು ನಿಷ್ಠೆಯಿಂದ ಸಾಕಿದ್ದರೆಂದರೆ, ಎದುರುಮನೆಯ ಮೇಷ್ಟ್ರು ಒಮ್ಮೆ ಸಂಕೋಚಪಡುತ್ತಲೇ ಸೇನೆಯ ಉಣ್ಣೆಯ ಕಂಬಳಿಯೊಂದು ಸಿಕ್ಕೀತೇ ಎಂದು ಕೇಳಿದಾಗ, ಪೇಟೆಯೆಲ್ಲ ಸುತ್ತಿ ಅದೇ ಬಣ್ಣದ್ದೊಂದನ್ನು ಹುಡುಕಿ ತಂದು, ಅಂಗಡಿಯ ಚೀಟಿ ಕಿತ್ತು, ಮೂಲೆಯಲ್ಲಿ ತಾವೇ ಶಾಯಿಯಿಂದ ಒಂದು ನಂಬರು ಬರೆದು ಕೊಟ್ಟುಬಂದರು. ಮೇಷ್ಟ್ರು ಅದನ್ನು ಹೊದ್ದು, ಅಂಗಡಿಯ ಮಾಲು ಇದರ ಕಾಲ ಧೂಳಿಗೂ ಸಮವಲ್ಲವೆಂದು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು.

ದೊಡ್ಡಪ್ಪ ಕೆಲಸಕ್ಕೆ ಸೇರಿದ್ದು ಗಡಿಯಾಚೆಯ ಭಾಷೆ ಬಲ್ಲವರೆಂಬ ಕಾರಣಕ್ಕೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಶತ್ರುಪಾಳೆಯದ ಅಡುಗೆಯವರ ಜಗಳವನ್ನೂ ಸಿಪಾಯಿಗಳ ಮನೆಸುದ್ದಿಯನ್ನೂ ರೇಡಿಯೋದಲ್ಲಿ ಕದ್ದು ಕೇಳಿ ಬರೆದುಕೊಳ್ಳುವುದರಲ್ಲಿ ಆರೇಳು ವರ್ಷ ಕಳೆಯಿತು. ಅಲ್ಲಿಂದ ಮೇಲೇರುತ್ತ ಹೋಗಿ, ನಡುವಯಸ್ಸಿನಲ್ಲೊಮ್ಮೆ, ಗುಡ್ಡದ ಮೇಲಿನ ಕಾವಲುಠಾಣೆಯೊಂದರ ಮೇಲೆ ವಾರದೊಳಗೆ ದಾಳಿಯಾಗುತ್ತದೆಂದು ವರದಿ ಬರೆದರು. ಮೇಲಧಿಕಾರಿ ಓದಿ, ಕನ್ನಡಕ ತೆಗೆದು ಒರೆಸಿ, 'ಆಗುತ್ತದೆ' ಎಂಬಲ್ಲಿ 'ಆಗಬಹುದು' ಎಂದು ತಿದ್ದುವಂತೆ ಸೌಮ್ಯವಾಗಿಯೇ ಹೇಳಿದರು. ದೊಡ್ಡಪ್ಪ ತಿದ್ದಿದರು. 'ಆಗಬಹುದು' ಎಂಬ ಮಾತಿಗೆ ಯಾರೂ ಹೆಚ್ಚಿನ ಪಡೆ ಕಳಿಸಲಿಲ್ಲ. ಐದನೆಯ ದಿನ, ಸಿಪಾಯಿಗಳು ಬೆಳಗಿನ ತಿಂಡಿಗೆ ಸಾಲು ನಿಂತಿದ್ದಾಗ ದಾಳಿಯಾಯಿತು. ಹತ್ತೊಂಬತ್ತು ಜನ ಸತ್ತರು. ವಿಚಾರಣೆ ನಡೆಸಿದವರು, ಮುನ್ಸೂಚನೆ ಕೊಟ್ಟವರು ಇವರೊಬ್ಬರೇ ಎಂದು ಕೊಂಡಾಡಿ ಬಡ್ತಿ ಕೊಟ್ಟರು.

"ಆ ಕಾಗದದ ಮೇಲೆ ಇದ್ದದ್ದು ನನ್ನ ಸಹಿ, ತಿದ್ದಿಸಿದವರದಲ್ಲ." ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, ನಡೆಯುತ್ತ ನಡೆಯುತ್ತ ಈ ಕಥೆ ಹೇಳಿದಾಗ, ತಮ್ಮ ಬಗ್ಗೆ ಅವರು ಆಡಿದ್ದು ಇದಿಷ್ಟೇ. ಅದು ಕೂತು ಹೇಳುವ ಮಾತಾಗಿರಲಿಲ್ಲವೇನೋ. ದೊಡ್ಡಮ್ಮ ಬಡ್ತಿಯ ಆದೇಶಕ್ಕೆ ಚೌಕಟ್ಟು ಹಾಕಿಸಬೇಕೆಂದಿದ್ದರಂತೆ. ಅದು ಆಮೇಲೆ ಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಆ ದಾಳಿಯಾದ ಒಂಬತ್ತು ವರ್ಷಗಳ ತರುವಾಯ, ವಿಭಾಗದ ಎರಡನೆಯ ಸ್ಥಾನದಲ್ಲಿದ್ದಾಗ, ಇನ್ನೊಂದು ಠಾಣೆಯ ಬಗ್ಗೆ ಅರ್ಧಂಬರ್ಧ ಸುಳಿವು ಸಿಕ್ಕಿತು. ನಿಜ ಹೇಳಬೇಕೆಂದರೆ, ಈ ಸಲ 'ಆಗಬಹುದು' ಎಂಬುದೇ ಪ್ರಾಮಾಣಿಕವಾದ ಪದ. ಅವರು 'ಆಗುತ್ತದೆ' ಎಂದು ಬರೆದರು. ಹಿಮ ಸುರಿಯುತ್ತಿರುವಾಗಲೇ ಠಾಣೆ ತೆರವಾಯಿತು. ದಾಳಿ ಬರಲಿಲ್ಲ. ಒಂದು ತಿಂಗಳು ಕಾದರೂ ಬರಲಿಲ್ಲ. ಠಾಣೆ ಖಾಲಿಯಾದದ್ದು ಕಂಡು ಶತ್ರುಗಳು ಹಿಂದೆಗೆದರೋ, ಅವರಿಗೆ ಬರುವ ಯೋಚನೆಯೇ ಇರಲಿಲ್ಲವೋ, ಬಲ್ಲವರಿಲ್ಲ. ಕಚೇರಿಯಲ್ಲಿ ಬೆನ್ನ ಹಿಂದೆ ಇವರಿಗೆ 'ಜೋಯಿಸರು' ಎಂಬ ಹೆಸರು ಬಿತ್ತು. ಮುಖ್ಯಸ್ಥನ ಸ್ಥಾನ ಕಿರಿಯನೊಬ್ಬನಿಗೆ ಹೋಯಿತು. ಇವರು ಅವಧಿಗೆ ಎರಡು ವರ್ಷ ಮೊದಲೇ ಮನೆಗೆ ಬಂದರು.

ಹೋದ ವರ್ಷ ಬಾಡಿಗೆ ಕಾರಿನಲ್ಲಿ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ. ಡ್ರೈವರು ಮಾತುಗಾರ. ತಾನೂ ಸೇನೆಯಲ್ಲಿದ್ದವನೆಂದ, ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋದವೆಂದ, ಆ ಠಾಣೆಯ ಹೆಸರನ್ನೂ ಹೇಳಿದ. "ಯಾವನೋ ಬೆಚ್ಚಗೆ ಕೋಣೇಲಿ ಕೂತ್ಕೊಂಡು ದಾಳಿ ಆಗುತ್ತೆ ಅಂತ ಬರೆದನಂತೆ ಸಾರ್. ಆ ಹಿಮದಲ್ಲಿ ನಮ್ಮನ್ನ ಕೆಳಗಿಳಿಸಿದ್ರು. ಒಂದು ನಾಯೀನೂ ಬರ್ಲಿಲ್ಲ."

ನಾನು ಕಿಟಕಿಯಾಚೆ ನೋಡತೊಡಗಿದೆ. ದೊಡ್ಡಪ್ಪ ಮುಂದಕ್ಕೆ ಬಾಗಿದರು.

"ಎಷ್ಟು ಜನ ಇದ್ರಿ?"

"ನಲವತ್ತೊಂದು ಸಾರ್."

"ಎಲ್ಲರೂ ಇದ್ದಾರಾ?"

ಡ್ರೈವರು ತುಸು ಯೋಚಿಸಿ, ಒಬ್ಬ ಕುಡಿದು ಕುಡಿದು ಸತ್ತನೆಂದೂ, ಮಿಕ್ಕವರೆಲ್ಲ ಎಲ್ಲೆಲ್ಲೋ ಮಕ್ಕಳುಮರಿ ಮಾಡಿಕೊಂಡು ಇದ್ದಾರೆಂದೂ ಹೇಳಿದ. ಆಸ್ಪತ್ರೆ ಬರುವವರೆಗೂ ದೊಡ್ಡಪ್ಪ ಅವರನ್ನೆಲ್ಲ ಕುರಿತು ಕೆದಕಿ ಕೆದಕಿ ಕೇಳಿದರು: ಅಂಗಡಿ ಇಟ್ಟವನು ಯಾರು, ಅಜ್ಜನಾದವನು ಯಾರು, ಹೆಂಡತಿಯ ಹತ್ತಿರ ಇನ್ನೂ ಬೈಸಿಕೊಳ್ಳುತ್ತಿರುವವನು ಯಾರು. ಇಳಿಯುವಾಗ, ಚಳಿಗೆ ಕಾಲು ಈಗಲೂ ನೋಯುತ್ತದೆಯೇ ಎಂದು ವಿಚಾರಿಸಿದರು. ನೋಯುತ್ತದೆಂದ.

"ತಪ್ಪಾಯ್ತಪ್ಪಾ" ಎಂದರು ದೊಡ್ಡಪ್ಪ.

ಅದನ್ನು ಹಿರಿಯರ ಮರುಕವೆಂದುಕೊಂಡ ಡ್ರೈವರು, "ಅಯ್ಯೋ, ಅದಕ್ಕೆ ನೀವೇನ್ ಮಾಡ್ತೀರಿ ಬಿಡಿ ಸಾರ್" ಎಂದು ನಕ್ಕು ಕಾರು ತಿರುಗಿಸಿದ.

ಈ ಬಗೆಯ ಮನುಷ್ಯರನ್ನು ಗುಟ್ಟಿನ ಭಾರ ಹೊತ್ತವರೆಂದು ನಾವು ತಿಳಿದಿರುತ್ತೇವೆ. ಗುಟ್ಟು ಕಾಯುವುದಕ್ಕೆ ಅವರಿಗೆ ತರಬೇತಿಯಿದೆ. ನುಡಿದದ್ದು ನಿಜವಾದರೆ ಹೆಣಗಳೂ ಹುಸಿಯಾದರೆ ನಗೆಯೂ ಕಾದಿರುವ ಉದ್ಯೋಗದಲ್ಲಿ, ತಾವು ಮಾಡಿದ್ದು ಸರಿಯೋ ತಪ್ಪೋ ಎಂಬುದು ಕಡೆಯತನಕ ತಮಗೇ ತಿಳಿಯದೆ, ಮರುದಿನ ಮತ್ತೆ ಸಹಿ ಹಾಕಲು ಕೈಯೆತ್ತುವುದಕ್ಕೆ ಮಾತ್ರ ಯಾವ ತರಬೇತಿಯೂ ಇಲ್ಲ. ಪದಕಗಳು ಬೇರೆಯವರಿಗೆ ಸಲ್ಲುತ್ತವೆ. ಜೀವ ಉಳಿದವರು ತಮ್ಮನ್ನು ಬೈಯುವಷ್ಟು ಕಾಲ ಬದುಕಿದ್ದಾರಲ್ಲ ಎಂಬುದೇ ಇಂಥವರಿಗೆ ಸಿಗುವ ಸಮಾಧಾನ, ಅದೂ ಸಿಕ್ಕರೆ.