ಬೋಣಿಗೊಂದು ಹೆಣ

ಬೆಳಗಾವಿಯ ಆಟೋ ನಗರದಲ್ಲಿ ಪೇಂಟರ್ ಕೇಳಿದ್ದು ಒಂದೇ ಪ್ರಶ್ನೆ: ಗಾಡಿಯ ಮೇಲೆ ದಾದಾ ಅವರ ಫೋಟೋ ಎಷ್ಟು ದೊಡ್ಡದಿರಬೇಕು? ಸುಯೋಗ ಅಲ್ಲಿಂದಲೇ ಫೋನ್ ಮಾಡಿ ಕೇಳಿದ.

"ಹೆಣ ಒಳಗ ಮಲಗಿರ್ತದ, ಅದು ಯಾರಿಗೂ ಕಾಣೂದಿಲ್ಲ. ಹೊರಗ ಕಾಣಾಂವ ನಾನು," ಎಂದು ಸಂಜುದಾದಾ ನಕ್ಕ. "ಆ ಅಂದಾಜಿನ್ಯಾಗ ಬರಸು."

"ಕೆಳಗ ಫೋನ್ ನಂಬರ್ ಯಾರದು ಹಾಕಸ್ಲಿರಿ?"

"ನಿಂದ ಹಾಕಸು. ಯಾರರ ಸತ್ರ ನನಗ್ಯಾಕ ಫೋನ್ ಹಚ್ಚಬೇಕು?"

ಹಾಗಾಗಿ ಬಿಳಿಯ ಗಾಡಿಯ ಎರಡೂ ಮಗ್ಗುಲಿಗೆ ಕೈಮುಗಿದ ಸಂಜುದಾದಾ, ಅವನ ತಲೆಯ ಮೇಲೆ 'ಉಚಿತ ಮುಕ್ತಿವಾಹನ', ಎದೆಯ ಕೆಳಗೆ ಸುಯೋಗನ ಮೊಬೈಲ್ ನಂಬರು ಬಂದವು. ಗಾಡಿ ಹೊಸದಲ್ಲ. ಯಾವುದೋ ಸಂಸ್ಥೆ ದಾನ ಕೊಟ್ಟ ಹಳೆಯ ಟೆಂಪೋ. ಒಳಗೆ ಹೆಣ ಮಲಗಿಸಲು ಸ್ಟೀಲಿನ ತಟ್ಟೆ, ಪಕ್ಕದಲ್ಲಿ ನಾಲ್ಕು ಜನ ಕೂರುವ ಉದ್ದ ಬೆಂಚು. ಡ್ರೈವರ್ ಉಳವಪ್ಪ ಅದನ್ನು ದೇಸೂರ ದಾಟಿಸಿ ಖಾನಾಪುರಕ್ಕೆ ತರುವಷ್ಟರಲ್ಲಿ ಮೂರು ಸಲ ನಿಲ್ಲಿಸಿ ರೇಡಿಯೇಟರಿಗೆ ನೀರು ಹಾಕಿದ.

ಸುಯೋಗ ಕನ್ನಡದಲ್ಲಿ ಎಂ.ಎ. ಮಾಡಿದವನು. ಪಟ್ಟಣ ಪಂಚಾಯಿತಿ ಸದಸ್ಯ ಸಂಜಯ ಉರ್ಫ್ ಸಂಜುದಾದಾನ ಬಳಿ ಎರಡು ವರ್ಷದಿಂದ ಅವನ ಕೆಲಸ ಬರೆಯುವುದು. ದಾದಾ ಗಟಾರದ ಪಕ್ಕ ನಿಂತರೆ ಫೋಟೋ ತೆಗೆದು 'ಒಳಚರಂಡಿ ಕಾಮಗಾರಿ ಪೂರ್ಣ' ಎಂದು ಬರೆಯಬೇಕು. ಬೀದಿದೀಪದ ಕಂಬಕ್ಕೆ ಕೈಯಿಟ್ಟರೆ 'ಕತ್ತಲಿನಿಂದ ಬೆಳಕಿನೆಡೆಗೆ'. ಸುಯೋಗ ಮಾತು ಕಡಿಮೆಯವನು. ಮನೆಯಲ್ಲೂ ಕಚೇರಿಯಲ್ಲೂ ಒಂದು ಮೂಲೆ ಹಿಡಿದು ಸುಮ್ಮನೆ ಕೂರುವವನು. ದಾದಾನಿಗೆ ಅವನ ಬರಹಕ್ಕಿಂತ ಈ ಗುಣವೇ ಹೆಚ್ಚು ಹಿಡಿಸಿತ್ತು. "ಇಂವಾ ಬಾಯಿ ಬಿಡೂದಿಲ್ಲ" ಎಂದು ಬಂದವರಿಗೆಲ್ಲ ಪರಿಚಯಿಸುತ್ತಿದ್ದ. ಅದು ಹೊಗಳಿಕೆ ಎಂದು ಸುಯೋಗನೂ ಬಹಳ ದಿನ ನಂಬಿದ್ದ.

ಗಾಡಿ ಬಂದ ಮರುದಿನ ದಾದಾ ಅವನನ್ನು ಒಳಗೆ ಕರೆದ. ಶನಿವಾರ ಪಕ್ಷದ ದೊಡ್ಡ ಸಾಹೇಬರು ಬೆಳಗಾವಿಯಿಂದ ಬಂದು ರಿಬ್ಬನ್ ಕತ್ತರಿಸುವವರಿದ್ದರು. ಪ್ರೆಸ್ ನೋಟ್ ತಯಾರಿರಬೇಕು.

"ಬರೀ ಗಾಡಿ ತೋರಿಸಿದ್ರ ಮಂದಿ ನೋಡೂದಿಲ್ಲ. ಒಳಗೊಂದು ಹೆಣ ಇರಬೇಕು. ಅಲ್ಲೇ ಹಾರ ಹಾಕಿ, ಅಲ್ಲಿಂದನ ಗಾಡಿ ಬಿಡೂದು."

"ಶನಿವಾರನ ಯಾರರ ಸಾಯಬೇಕಲ್ರಿ?"

"ಸಾಯ್ತಾರಪಾ. ಇಷ್ಟು ದೊಡ್ಡ ಊರು. ಆದ್ರ ಬೋಣಿ ಛಲೋ ಹೆಣದಿಂದ ಆಗಬೇಕು, ತಿಳೀತಿಲ್ಲೊ? ಉರ್ಲು ಹಾಕ್ಕೊಂಡದ್ದು ಬ್ಯಾಡ, ಹಾವು ಕಡದದ್ದು ಬ್ಯಾಡ. ತುಂಬಿದ ಮನಿ, ತುಂಬಿದ ವಯಸ್ಸು, ನಾಕು ಮಂದಿಗೆ ಗೊತ್ತಿದ್ದ ಹೆಸರು. ಅಲ್ಲೀತನ ಗಾಡಿ ಯಾರಿಗೂ ಕೊಡಬ್ಯಾಡ. ನನಗ ಕೇಳು."

ಸುಯೋಗ ಪ್ರೆಸ್ ನೋಟ್ ಬರೆದ. 'ಪ್ರಥಮವಾಗಿ, ಪಟ್ಟಣದ ಹಿರಿಯ ಜೀವಿ ............ ಅವರ ಪಾರ್ಥಿವ ಶರೀರವನ್ನು ಸಕಲ ಗೌರವಗಳೊಂದಿಗೆ ಸ್ಮಶಾನಕ್ಕೆ ಸಾಗಿಸಲಾಯಿತು.' ಚುಕ್ಕೆಗಳನ್ನು ಎಷ್ಟು ಬಿಡಬೇಕೆಂದು ತಿಳಿಯದೆ ಹನ್ನೆರಡು ಬಿಟ್ಟ. ಯಾರ ಹೆಸರಾದರೂ ಅಷ್ಟರಲ್ಲಿ ಹಿಡಿಯುತ್ತದೆ. ಬರೆದು ಮುಗಿಸಿದ ಮೇಲೆ ಕೈ ತೊಳೆಯಬೇಕೆನಿಸಿತು. ತೊಳೆದೂ ಬಂದ.

ಗುರುವಾರ ಬೆಳಿಗ್ಗೆ ಮೊದಲ ಫೋನ್ ಬಂತು.

"ಹೆಣದ ಗಾಡಿ ನಂಬರೇನ್ರಿ ಇದು? ನಾ ಸಾವಂತ್ರವ್ವ ಅಂತ, ಮಾರ್ಕೆಟ್ ಹಿಂದಿನ ಓಣ್ಯಾಕಿ. ನಮ್ಮ ಯಜಮಾನ್ರು ತೀರಿಕೊಂಡ್ರು. ಗಾಡಿ ಫುಕಟ್ ಅದ ಅಂದ್ರು."

ಅವನು ದಾದಾನನ್ನು ಕೇಳಿದ. ದಾದಾ ವಿಚಾರಿಸಿದ. ಆ ಮನುಷ್ಯ ಕುಡಿದು ಬರುವಾಗ ತೆರೆದ ಗಟಾರದಲ್ಲಿ ಬಿದ್ದು ಸತ್ತಿದ್ದ. ಅದೇ ಗಟಾರ. ಸುಯೋಗ ಎಂಟು ತಿಂಗಳ ಹಿಂದೆ 'ಪೂರ್ಣ' ಎಂದು ಬರೆದದ್ದು.

"ಥೂ, ಗಟಾರದ ಹೆಣಾನ ಬೋಣಿಗೆ?" ಎಂದ ದಾದಾ. "ಗಾಡಿ ಆರ್‌ಟಿಓ ಪಾಸಿಂಗ್ ಆಗಿಲ್ಲ ಅಂತ ಹೇಳು."

ಸುಯೋಗ ಹಾಗೆಯೇ ಹೇಳಿದ. ಸಾವಂತ್ರವ್ವ ಬೈಯಲಿಲ್ಲ. "ಆತ್ ಬಿಡ್ರಿ, ಪಾಸಿಂಗ್ ಆಗಿಲ್ಲಂದ್ರ ನೀವರ ಏನ್ ಮಾಡ್ತೀರಿ" ಎಂದು ಅವನನ್ನೇ ಸಮಾಧಾನ ಮಾಡಿ ಫೋನ್ ಇಟ್ಟಳು. ಮಧ್ಯಾಹ್ನ ಕಚೇರಿಯ ಮುಂದೆ ಗೊಬ್ಬರ ಸಾಗಿಸುವ ರಾಯಪ್ಪನ ಟ್ರ್ಯಾಕ್ಟರ್ ಹೋಯಿತು. ಹಿಂದಿನ ಟ್ರೇಲರಿನಲ್ಲಿ ಗೊಬ್ಬರದ ಕಲೆಗಳ ಮೇಲೆ ಹುಲ್ಲು ಹಾಸಿ, ಅದರ ಮೇಲೆ ಹೆಣ. ಗುಂಡಿ ಬಂದಾಗಲೆಲ್ಲ ಎರಡು ಪಾದಗಳು ಬಟ್ಟೆಯ ಹೊರಗೆ ಕುಣಿಯುತ್ತಿದ್ದವು. ಸಾವಂತ್ರವ್ವ ಒಂದು ಕೈಯಲ್ಲಿ ಟ್ರೇಲರಿನ ಅಂಚು ಹಿಡಿದು ಇನ್ನೊಂದು ಕೈಯಿಂದ ಆ ಪಾದಗಳನ್ನು ಒತ್ತಿ ಹಿಡಿದಿದ್ದಳು. ಮುಕ್ತಿವಾಹನ ರಸ್ತೆಯ ಆಚೆ, ಮರದ ನೆರಳಿನಲ್ಲಿ, ತೊಳೆದು ನಿಂತಿತ್ತು.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಹೀರಾಬಾಯಿ ತೀರಿಕೊಂಡರು. ವಯಸ್ಸು ಎಂಬತ್ತಾರು. ಕಾಳಿನ ಅಂಗಡಿಯ ನೇಮಿನಾಥರ ತಾಯಿ. ದಾದಾ ಸುದ್ದಿ ಕೇಳಿ ಕುರ್ಚಿಯಿಂದ ಎದ್ದ. "ನೋಡು, ದೇವರು ಕೊಡೂದು ಹಿಂಗ," ಎಂದ.

ಸುಯೋಗನಿಗೆ ಆ ಮನೆ ತನ್ನ ಮನೆಯಷ್ಟೇ ಗೊತ್ತು. ನೇಮಿನಾಥರು ಹೊಸ ಬಡಾವಣೆಯಲ್ಲಿ ಮನೆ ಕಟ್ಟುವ ಮೊದಲು ಇಬ್ಬರದೂ ಒಂದೇ ಓಣಿ, ಒಂದೇ ಬಸದಿ. ಹೀರಾಬಾಯಿ ಅಷ್ಟಮಿ ಚತುರ್ದಶಿಗೆ ಮೌನ ಹಿಡಿಯುತ್ತಿದ್ದರು. ಆ ದಿನಗಳಲ್ಲಿ ಸುಯೋಗ ಪುಸ್ತಕ ಹಿಡಿದು ಅವರ ಪಡಸಾಲೆಗೆ ಹೋಗಿ ಕೂರುತ್ತಿದ್ದ. ಅವರು ಕೊಡಕ್ಕೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು, ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತಿದ್ದರು. ಸುಮ್ಮನಿರುವುದು ಎಷ್ಟು ತುಂಬಿಕೊಂಡಿರಬಹುದೆಂದು ಅವನು ಕಲಿತದ್ದು ಅಲ್ಲಿ.

ಹನ್ನೆರಡು ಚುಕ್ಕೆಗಳನ್ನು ಅಳಿಸಿ ಅವನೇ 'ಹೀರಾಬಾಯಿ' ಎಂದು ಟೈಪ್ ಮಾಡಿದ. "ಪೇಪರಿನವರಿಗೆ ಈಗ ಕಳಸಿಬಿಡು, ಸಂಜೀ ಮುಂದ ಅವರು ಸಿಗೂದಿಲ್ಲ. ಫೋಟೋ ಆಮ್ಯಾಲೆ," ಎಂದ ದಾದಾ. ಕಳಿಸಿದ. "ಇನ್ನ ಅವರ ಮನಿಗೆ ಹೋಗು. ಸಾಹೇಬ್ರು ನಾಕಕ್ಕ ಬರ್ತಾರ. ಅಲ್ಲೀತನಾ ಹೆಣ ಎತ್ತಬಾರದು, ನೋಡ್ಕೊ. ಅವರ ಹೊಸಾ ಮನೀ ಹಕ್ಕಿನ ಉತಾರ ಇನ್ನೂ ನನ್ನ ಟೇಬಲ್ ಮ್ಯಾಲೆ ಅದ, ನಾ ಬಿಟ್ರ ಸಿಗ್ತದ ಅಂತ ನೇಮಣ್ಣಗ ಗೊತ್ತೈತಿ."

ನೇಮಿನಾಥರ ಮನೆಯ ಮುಂದೆ ಬಸದಿಯ ನಾಲ್ಕಾರು ಹಿರಿಯರು ಗೋಡೆಗೆ ಒರಗಿ ನಿಂತಿದ್ದರು. ಹೀರಾಬಾಯಿಯನ್ನು ಪಡಸಾಲೆಯಲ್ಲಿ ಮಲಗಿಸಿ ಬಿಳಿ ಬಟ್ಟೆ ಹೊದಿಸಿದ್ದರು. ಬೆಳಗಾವಿಯ ಬ್ಯಾಂಕಿನಲ್ಲಿದ್ದ ಮೊಮ್ಮಗಳು ಅನುಜಾ ಹನ್ನೆರಡಕ್ಕೇ ಬಂದು ಮುಟ್ಟಿದ್ದಳು. ಕಾಯಬೇಕಾದವರು ಇನ್ನು ಯಾರೂ ಉಳಿದಿರಲಿಲ್ಲ.

"ಗಾಡಿ ಯಾವಾಗ ಬರ್ತದ ತಮ್ಮಾ?" ಎಂದರು ನೇಮಿನಾಥ. ಅವರಿಗೆ ಹೃದಯದ ಆಪರೇಷನ್ ಆಗಿತ್ತು. ಹೊಳೆದಂಡೆಯ ಸ್ಮಶಾನ ಅಲ್ಲಿಂದ ಮೂರು ಕಿಲೋಮೀಟರ್. ಹೆಗಲು ಕೊಡಲು ಇದ್ದವರೆಲ್ಲ ಅವರ ವಯಸ್ಸಿನವರೇ. "ದಾದಾ ಫೋನ್ ಮಾಡಿದ್ರು, ತಾವ ಕಳಸ್ತೇನಿ, ಬ್ಯಾರೆ ಗಾಡಿ ಹೇಳಬ್ಯಾಡ್ರಿ ಅಂದ್ರು."

"ನಾಕಕ್ಕರಿ ಕಾಕಾ."

"ನಾಕಕ್ಕ?" ಅವರು ತಾಯಿಯ ಕಡೆ ನೋಡಿದರು. "ನಮ್ಮವ್ವ ಏನ್ ಹೇಳಿದ್ಲು ಗೊತ್ತೈತಿಲ್ಲ ನಿನಗ? ಸತ್ತಮ್ಯಾಲೆ ಒಂದು ತಾಸೂ ಇಡಬ್ಯಾಡ್ರಿ ಅಂದಾಕಿ. ಇಟ್ಟಷ್ಟೂ ಮೈಯಾಗ ಜೀವ ಹುಟ್ತಾವ, ಅವನ್ನೆಲ್ಲಾ ಸುಟ್ಟ ಪಾಪ ನನಗ್ಯಾಕ ಅಂದಾಕಿ."

ಸುಯೋಗನಿಗೆ ಗೊತ್ತಿತ್ತು. ಕುಡಿಯುವ ನೀರಿನಲ್ಲಿ ಕಾಣದ ಜೀವಕ್ಕೂ ಹೆದರಿ ಎಂಬತ್ತು ವರ್ಷ ಸೋಸಿದ ಕೈಗಳು ಆ ಬಟ್ಟೆಯ ಕೆಳಗಿದ್ದವು. ಅವನು ಮೂಲೆ ಹಿಡಿದು ಕುಳಿತ.

ನಾಲ್ಕಾಯಿತು. ನಾಲ್ಕೂವರೆಯೂ ಆಯಿತು. ಒಂದು ನೊಣ ಬಂದು ಬಟ್ಟೆಯ ಮೇಲೆ ಕುಳಿತಿತು. ಅನುಜಾ ಅದನ್ನು ಓಡಿಸಿದಳು, ಅದು ಮತ್ತೆ ಬಂತು. ನೇಮಿನಾಥರು ಬಾಗಿಲಿಗೆ ಹೋಗಿ ಬಿಸಿಲು ನೋಡಿ ಬಂದರು. ಚಳಿಗಾಲದ ಹೊತ್ತು, ಆರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಅವರಲ್ಲಿ ಕತ್ತಲಾದ ಮೇಲೆ ಬೆಂಕಿ ಕೊಡುವಂತಿಲ್ಲ. ಇವತ್ತು ತಪ್ಪಿದರೆ ನಾಳೆ ಬೆಳಗಿನವರೆಗೆ.

ಸುಯೋಗ ಹಿತ್ತಲಿಗೆ ಹೋಗಿ ಉಳವಪ್ಪನಿಗೆ ಫೋನ್ ಹಚ್ಚಿದ.

"ಎಲ್ಲಿದ್ದೀಪಾ?"

"ಸ್ಟೇಜ್ ಕಡೆ ಅದೇನಿ. ಗಾಡ್ಯಾಗ ಖುರ್ಚಿ ತಂದೇವ್ರಿ, ಇಳಸಾಕತ್ತಾರ. ಇನ್ನೊಂದು ಟ್ರಿಪ್ ಉಪ್ಪಿಟ್ಟಿನ ಡಬರಿ ತರೂದೈತಿ."

"ಹೆಣದ ಗಾಡ್ಯಾಗ?"

"ತಟ್ಟಿ ಮ್ಯಾಲ ಛಲೋ ಕುಂದರ್ತಾವ್ರಿ, ಅಲಗಾಡೂದಿಲ್ಲ."

ಆಮೇಲೆ ದಾದಾನಿಗೆ ಹಚ್ಚಿದ. ಸಾಹೇಬರು ಬೆಳಗಾವಿಯಲ್ಲಿ ಯಾರದೋ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದರು. ಆರೂವರೆ ಆಗಬಹುದು.

"ದಾದಾ, ಕತ್ತಲಾದ ಮ್ಯಾಲೆ ಇವರು ಸುಡೂದಿಲ್ಲರಿ."

"ಸುಡಬ್ಯಾಡ ಬಿಡು. ಗಾಡ್ಯಾಗ ಇಟ್ಟು ಹಾರ ಹಾಕಿ ಫೋಟೋ ತಗೊಂಡು ಮನೀಗೆ ವಾಪಸ್ ಬಿಡೂಣು. ನಾಳೆ ಮುಂಜಾನೆ ಸುಡಲಿ. ಹೆಣ ತಣ್ಣಗಿಡಾಕ ಬರಫ್ ಬೇಕಂದ್ರ ನಾ ಕೊಡಸ್ತೇನಿ, ಫುಕಟ್. ಅದನ್ನೂ ಬರಿ ಬೇಕಾದ್ರ."

ಸುಯೋಗ ಫೋನ್ ಕಿಸೆಗೆ ಹಾಕಿದ. ಅಲ್ಲಿ ಕಟ್ಟೆಯ ಮೇಲೆ ಕೊಡ ಇತ್ತು, ಅದರ ಬಾಯಿಗೆ ಸೋಸುವ ಬಟ್ಟೆ ಇನ್ನೂ ಕಟ್ಟಿಯೇ ಇತ್ತು.

ಅನುಜಾ ಹಿಂದೆ ಬಂದು ನಿಂತಿದ್ದಳು. "ಯಾರ ಜೋಡಿ ಮಾತಾಡ್ತಿದ್ದಿ? ಗಾಡಿ ಬರ್ತದೋ ಇಲ್ಲೋ?"

ಅವನು ಬಾಯಿ ಬಿಟ್ಟ. ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಸಾಹೇಬರು, ಮದುವೆ ಊಟ, ಖುರ್ಚಿ, ಉಪ್ಪಿಟ್ಟು, ಬರಫ್. ಗುರುವಾರದ ಸಾವಂತ್ರವ್ವ, ತಾನು ಹೇಳಿದ ಸುಳ್ಳು. ಛಲೋ ಹೆಣ ಬೇಕೆಂದದ್ದು. ನೇಮಿನಾಥರು ಯಾವಾಗ ಬಂದು ಬಾಗಿಲಲ್ಲಿ ನಿಂತರೋ ಅವನಿಗೆ ಗೊತ್ತಾಗಲಿಲ್ಲ.

"ಬೋಣಿಗೆ ನಮ್ಮವ್ವ ಬೇಕಾಗಿದ್ಲನು?" ಎಂದರು ಅವರು. ದನಿ ಏರಿರಲಿಲ್ಲ.

"ಹೌದ್ರಿ."

"ಮಧ್ಯಾಹ್ನದಿಂದ ಇಲ್ಲೇ ಕುಂತಿದ್ದಿ."

"ಪಪ್ಪಾ, ಉತಾರ ಹಾಳಾಗಿ ಹೋಗ್ಲಿ," ಎಂದಳು ಅನುಜಾ. "ರಾಯಪ್ಪಗ ಫೋನ್ ಹಚ್ರಿ."

ರಾಯಪ್ಪ ಹತ್ತು ನಿಮಿಷದಲ್ಲಿ ಬಂದ. ಬರುವಾಗಲೇ ಟ್ರೇಲರ್ ತೊಳೆದು ತಂದಿದ್ದ, ಹಲಗೆಗಳಿಂದ ನೀರು ಸೋರುತ್ತಿತ್ತು. "ಬಸದಿ ಮಂದಿ, ಗೊಬ್ಬರದ ವಾಸ್ನಿ ಬರಬಾರದು ಅಂತ ತೊಳದೇನ್ರಿ," ಎಂದ, ತಪ್ಪು ಮಾಡಿದವನ ಹಾಗೆ. ಸುಯೋಗ ಹೆಗಲು ಕೊಡಲು ಮುಂದೆ ಬಂದಾಗ ನೇಮಿನಾಥರು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಅವನು ಟ್ರೇಲರಿನ ಹಿಂದೆ ನಡೆದ. ಗುಂಡಿ ಬಂದಾಗ ಪಾದಗಳನ್ನು ಹಿಡಿದದ್ದು ಅನುಜಾ.

ಮಲಪ್ರಭೆಯ ದಂಡೆ ಮುಟ್ಟಿದಾಗ ಆರಕ್ಕೆ ಇಪ್ಪತ್ತು ನಿಮಿಷವಿತ್ತು. ಬೆಂಕಿ ಹತ್ತಿದ ಮೇಲೆ ನೇಮಿನಾಥರು ಪಶ್ಚಿಮಕ್ಕೆ ತಿರುಗಿ ನೋಡಿದರು. ಇನ್ನೂ ಅಂಗೈಯಷ್ಟು ಸೂರ್ಯ ಉಳಿದಿದ್ದ.

ಏಳು ಗಂಟೆಗೆ ಸ್ಟೇಜಿನ ಮುಂದೆ ರಿಬ್ಬನ್ ಕತ್ತರಿಸಿದರು. ಒಳಗೆ ಹೆಣವಿರಲಿಲ್ಲ. ದಾದಾ ಹಿಂದಿನ ಬಾಗಿಲು ಹಾಕಿಸಿ, ಬಾಗಿಲಿಗೇ ಹಾರ ಹಾಕಿಸಿದ. ಸಾಹೇಬರು ಕಣ್ಣು ಮುಚ್ಚಿ ಒಂದು ನಿಮಿಷ ಮೌನ ಆಚರಿಸಿದರು. ಎಲ್ಲರೂ ಎದ್ದು ನಿಂತರು. ಬಾಗಿಲಿನ ಆಚೆ ಸ್ಟೀಲಿನ ತಟ್ಟೆಯ ಮೇಲೆ ಉಪ್ಪಿಟ್ಟಿನ ಖಾಲಿ ಡಬರಿಗಳಿದ್ದವು. ಸುಯೋಗ ಅಲ್ಲಿರಲಿಲ್ಲ. ಇದನ್ನೆಲ್ಲ ಆಮೇಲೆ ಉಳವಪ್ಪ ನಗುತ್ತ ಹೇಳಿದ, ಅರ್ಧಕ್ಕೆ ನಗು ನಿಲ್ಲಿಸಿ ನೆಲ ನೋಡಿದ.

ಮರುದಿನ ಬೆಳಿಗ್ಗೆ ಪೇಪರ್ ಬಂತು. 'ಪಟ್ಟಣದ ಹಿರಿಯ ಜೀವಿ ಹೀರಾಬಾಯಿ ಅವರ ಪಾರ್ಥಿವ ಶರೀರವನ್ನು ಸಕಲ ಗೌರವಗಳೊಂದಿಗೆ.' ಮಧ್ಯಾಹ್ನ ಒಂದಕ್ಕೆ ಕಳಿಸಿದ್ದು, ಒಂದಕ್ಷರ ಬದಲಾಗಿರಲಿಲ್ಲ. ಸ್ಮಶಾನದಿಂದ ಬಂದವನು ಒಂದು ಫೋನ್ ಮಾಡಿದ್ದರೆ ಅದು ನಿಲ್ಲುತ್ತಿತ್ತು. ಅವನಿಗೆ ನೆನಪೇ ಆಗಿರಲಿಲ್ಲ.

ಅವನು ನೇಮಿನಾಥರ ಮನೆಗೆ ಹೋದ. ಅವರು ಪಡಸಾಲೆಯಲ್ಲಿ ಪೇಪರ್ ಹಾಸಿಕೊಂಡು ಕುಳಿತಿದ್ದರು. ಬೆರಳನ್ನು ಆ ಸಾಲಿನ ಮೇಲೆ ಇಟ್ಟರು, ಅಷ್ಟೆ. ಅವರ ತಾಯಿ ಬೇಕಾದದ್ದನ್ನು ತೋರಿಸುತ್ತಿದ್ದದ್ದು ಹಾಗೆಯೇ.

"ನಾನ ಬರದದ್ದು ಕಾಕಾ," ಎಂದ ಸುಯೋಗ.

ಬೆರಳು ಕದಲಲಿಲ್ಲ. ಅವನು ಹೊರಟು ಬಂದ.

ದಾದಾನ ಕೆಲಸ ಅಂದೇ ಬಿಟ್ಟ. ದಾದಾ ಸಿಟ್ಟಾಗಲಿಲ್ಲ. "ಹೋಗು. ಪೇಪರಿನ್ಯಾಗ ಬಂತಲ್ಲ, ಬೋಣಿ ಆತು. ಇನ್ನ ಯಾವ ಹೆಣ ಬಂದ್ರೂ ನಡೀತದ," ಎಂದ.

"ಗಾಡಿ ಮ್ಯಾಲಿನ ನಂಬರ್ ನಂದು ಅದರಿ. ಬದಲಿ ಮಾಡಸ್ರಿ."

"ಅದಕ್ಕ ಮತ್ತ ಯಾರು ಆಟೋ ನಗರಕ್ಕ ಹೋಗ್ತಾರಪಾ? ಇರ್ಲಿ ಬಿಡು. ಫೋಟೋದಾಗ ಒಂದು ನಂಬರ್ ಕಂಡ್ರ ಆತು."

ಗಾಡಿ ಈಗಲೂ ದಾದಾನ ಮನೆಯ ಮುಂದೆ ನಿಂತಿರುತ್ತದೆ, ಇಲ್ಲವೆ ಎಲ್ಲಿಗೋ ಖುರ್ಚಿ ಒಯ್ಯುತ್ತಿರುತ್ತದೆ. ಫೋನ್ ಮಾತ್ರ ಸುಯೋಗನಿಗೆ ಬರುತ್ತದೆ. ಬುಧವಾರ ಊಟಕ್ಕೆ ಕುಳಿತಾಗ ಒಂದು ಬಂತು. ಹೆಂಗಸಿನ ದನಿ, ಅತ್ತು ಮುಗಿಸಿದ ದನಿ.

"ಮುಕ್ತಿ ಗಾಡಿಯವರೇನ್ರಿ? ನಾ ನಿಂಗವ್ವ ಅಂತ. ನಮ್ಮತ್ತಿ ತೀರಿಕೊಂಡಾರ."

ಅವನು ತಟ್ಟೆ ಪಕ್ಕಕ್ಕೆ ಸರಿಸಿದ.

"ಆ ಗಾಡಿ ಹೆಣಕ್ಕ ಬರೂದಿಲ್ಲವ್ವಾ. ಅದು ಬರೇ ಫೋಟೋಕ್ಕ ಐತಿ," ಎಂದ. "ರಾಯಪ್ಪನ ಟ್ರ್ಯಾಕ್ಟರ್ ನಂಬರ್ ಹೇಳ್ತೇನಿ, ಬರ್ಕೊಳ್ರಿ. ಟ್ರೇಲರ್ ತೊಳದ ತರ್ತಾನ."

ಆ ಕಡೆ ಪೆನ್ನು ಹುಡುಕುವ ಸದ್ದು. ಅವನು ಕಾದ.